ಕೀಲಿಕೈ ಒಳಗೆ, ಕಾಕಾ ಹೊರಗೆ

ನಮ್ಮ ಕಾಕಾ ಯಾರನ್ನೂ ನಂಬುತ್ತಿರಲಿಲ್ಲ ಎಂದು ಊರವರು ಹೇಳುವುದು ಅಪ್ಪಟ ಸುಳ್ಳು. ಅವರು ಬೀಗವನ್ನು ನಂಬುತ್ತಿದ್ದರು. ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಇನ್ನೊಮ್ಮೆ ಜಗ್ಗಿ, ಆಮೇಲೆ ನಂಬುತ್ತಿದ್ದರು. ಮನುಷ್ಯರನ್ನು ಹಾಗೆ ಜಗ್ಗಿ ನೋಡಲು ಬರುವುದಿಲ್ಲವಲ್ಲ, ಅದೇ ಅವರ ತಕರಾರು.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಬೀದರಿನ ಅದಾಲತ್ತಿನಲ್ಲಿ ವಕೀಲರು. ನಿಜಾಮರ ಕಾಲದ ವಕೀಲಿ ಅದು. ಕೋರ್ಟಿನಲ್ಲಿ ಉರ್ದು, ಪಕ್ಷಗಾರರ ಜೊತೆ ಮರಾಠಿ, ಮನೆಯ ಜಗಳಕ್ಕೆ ಕನ್ನಡ. ಮೂರು ಭಾಷೆಯಲ್ಲೂ ಅವರ ಮೊದಲ ಮಾತು ಒಂದೇ: ಸಾಕ್ಷಿ ಯಾರು? ಕೋರ್ಟಿನಲ್ಲಿ ಈ ಮಾತು ಸರಿ. ಆದರೆ ಬೆಳಗಾಗೆದ್ದು ಬಾಗಿಲಲ್ಲಿ ಸಿಕ್ಕ ನೆರೆಯವ, "ರಾತ್ರಿ ಮಳಿ ಆತರಿ ವಕೀಲ ಸಾಹೇಬ್ರ" ಎಂದರೆ, "ನೀ ಕಣ್ಣಿಲೆ ನೋಡಿದೇನು, ಬರೇ ಸಪ್ಪಳಾ ಕೇಳಿದೇನು?" ಎಂದು ಪಾಟೀಸವಾಲು ಹಾಕಿದರೆ ಹೇಗೆ? ಆ ಮನುಷ್ಯ ಅಂದಿನಿಂದ ಹವೆಯ ಸುದ್ದಿಯನ್ನೇ ಬಿಟ್ಟುಬಿಟ್ಟ.

ಹಾಲಿನ ಕಥೆ ಕೇಳಿ. ಗೌಳಿ ಎಮ್ಮೆಯನ್ನು ಮನೆ ಬಾಗಿಲಿಗೇ ತಂದು ಕಣ್ಣೆದುರೇ ಕರೆದು ಕೊಡುತ್ತಿದ್ದ. ನೀರು ಬೆರೆಸುವ ಪ್ರಶ್ನೆಯೇ ಇಲ್ಲ. ಹಾಗಾದರೆ ಕಾಕಾನ ಸಂಶಯ ಕೂರುವುದೆಲ್ಲಿ? ಎಮ್ಮೆಯ ಮೇಲೆ! ನಿನ್ನೆ ಬಂದದ್ದು ಈ ಎಮ್ಮೆಯಲ್ಲ, ದಪ್ಪ ಹಾಲಿನ ಎಮ್ಮೆಯನ್ನು ಬೇರೆ ಯಾರದೋ ಮನೆಗೆ ಹೊಡೆದು ನಮಗೆ ಇದನ್ನು ತಂದಿದ್ದಾನೆ ಎಂದು ಅವರ ಅನುಮಾನ. ಒಂದು ದಿನ ಸುಣ್ಣ ತಂದು ಅದರ ಎಡಗಡೆಯ ಕೋಡಿಗೆ ತಾವೇ ಗುರುತು ಬಳಿದರು. ಮರುದಿನ ನೋಡಿದರೆ ಕೋಡು ಸ್ವಚ್ಛ. ಕಾಕಾ ಮೊಕದ್ದಮೆ ಗೆದ್ದವರ ಹಾಗೆ ನನ್ನ ಕಡೆ ನೋಡಿದರು.

"ಸಂಜಿಗಿ ಕೆರ್ಯಾಗ ಬಿದ್ದಿತ್ತರಿ, ತೊಳಕೊಂಡು ಹೋಗ್ಯಾದ" ಎಂದ ಗೌಳಿ.

"ಸಾಕ್ಷಿ ಯಾರು?"

ಗೌಳಿ ತಲೆ ಕೆರೆದುಕೊಂಡು ವಿಚಾರ ಮಾಡಿದ. "ಉಳದ ಎಮ್ಮಿಗೋಳು ಇದ್ದವರಿ. ನಾಳಿ ಹೊಡಕೊಂಡು ಬರ್ಲೇನು?"

ಇನ್ನು ಟಪಾಲು. ಹೈದರಾಬಾದಿನ ಸ್ನೇಹಿತರೊಬ್ಬರಿಗೆ ಕಾಕಾ ಪತ್ರ ಬರೆದು ಡಬ್ಬಿಗೆ ಹಾಕಿದರು. ತಳ ಮುಟ್ಟಿತೋ ಇಲ್ಲವೋ ಎಂದು ಡಬ್ಬಿಗೆ ಕಿವಿ ಹಚ್ಚಿದರು. ಟಪಾಲಿನವ ಬಂದು ಡಬ್ಬಿ ತೆಗೆಯುವವರೆಗೆ ಎದುರಿನ ಕಟ್ಟೆಯ ಮೇಲೆ ಕೂತರು. ಅವನ ಹಿಂದೆ ಕಚೇರಿಗೆ ಹೋದರು, ಕಚೇರಿಯಿಂದ ಚೀಲದ ಹಿಂದೆ ಸ್ಟೇಷನ್ನಿಗೆ ಹೋದರು. ಚೀಲ ರೈಲು ಹತ್ತಿತು, ಕಾಕಾನೂ ಹತ್ತಿದರು. ಹೈದರಾಬಾದಿನ ಗದ್ದಲದಲ್ಲಿ ಚೀಲ ಕಣ್ಣು ತಪ್ಪಿಸಿದ್ದರಿಂದ ನೆಟ್ಟಗೆ ಸ್ನೇಹಿತರ ಮನೆಗೆ ಹೋಗಿ, ಪತ್ರದಲ್ಲಿದ್ದದ್ದನ್ನೆಲ್ಲ ಬಾಯಿಂದಲೇ ಹೇಳಿ, ಪತ್ರಕ್ಕಾಗಿ ಅಲ್ಲೇ ಕಾದರು. ಮೂರನೆಯ ದಿನ ಅದು ಬಂತು. ಕಾಕಾ ಅದನ್ನು ಬೆಳಕಿಗೆ ಹಿಡಿದು ತಿರುವಿ ನೋಡಿ ಕೇಳಿದರು: "ಎರಡು ದಿನಾ ಎಲ್ಲಿತ್ತು ಇದು? ಯಾರ್ಯಾರು ಓದ್ಯಾರ?"

ಇಂಥವರು ಮೋಟಾರು ಕೊಂಡರು! ವರ್ಗವಾಗಿ ಹೋಗುತ್ತಿದ್ದ ಅಧಿಕಾರಿಯೊಬ್ಬರ ಹಳೆಯ ಮೋಟಾರು. ಮೇಲೆ ತಗಡಿನ ಮಾಡು, ಸುತ್ತ ಗಾಜು, ಬಾಗಿಲಿಗೆ ಬೀಗ. ಬೀಗ ಇರದಿದ್ದರೆ ಅವರು ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ. ಹೊರಗಿನಿಂದ ತೆಗೆಯಲು ಕೀಲಿಕೈ ಬೇಕು, ಒಳಗಿನಿಂದ ಮುಚ್ಚಲು ಹಿಡಿಕೆಯನ್ನು ಕೆಳಗೆ ಒತ್ತಿದರೆ ಸಾಕು. ಮೊದಲ ಡ್ರೈವರನನ್ನು ಕಾಕಾ ವಾರದಲ್ಲಿ ಬಿಡಿಸಿದರು, ಏಕೆಂದರೆ ಅವನಿಗೆ ಎಲ್ಲ ದಾರಿಯೂ ಗೊತ್ತಿತ್ತು. ಇಷ್ಟು ದಾರಿ ಬಲ್ಲವನು ಗಾಡಿ ಹೊಡೆದುಕೊಂಡು ಓಡಿಹೋಗುವುದಕ್ಕೆ ಎಷ್ಟು ಹೊತ್ತು? ಎರಡನೆಯವನಿಗೆ ಯಾವ ದಾರಿಯೂ ಗೊತ್ತಿರಲಿಲ್ಲ. ಅವನು ನಾಟಕ ಮಾಡುತ್ತಿದ್ದಾನೆ ಎಂದು ಅವನನ್ನೂ ಬಿಡಿಸಿದರು. ಕೊನೆಗೆ ತಾವೇ ನಡೆಸಲು ಕಲಿತರು. ರಾತ್ರಿ ಮೋಟಾರನ್ನು ಸರಪಳಿಯಿಂದ ಅಂಗಳದ ಬೇವಿನ ಮರಕ್ಕೆ ಕಟ್ಟಿ ಬೀಗ ಜಡಿಯುತ್ತಿದ್ದರು. ಒಂದು ಬೆಳಿಗ್ಗೆ ಬಿಚ್ಚುವುದನ್ನು ಮರೆತು ಚಾಲೂ ಮಾಡಿದರು. ಗಾಡಿ ಒದರಿತು, ಮರ ನಡುಗಿತು, ಎಲೆಗಳು ಉದುರಿದವು. ಕಾಕಾ ಕೆಳಗಿಳಿದು ಸರಪಳಿ ನೋಡಿ, "ಯಾರು ಕಟ್ಟಿದ್ರು ಇದನ್ನ?" ಎಂದರು.

ಈಗ ಕಾಕಿಯ ವಿಷಯ. ಮದುವೆಯಾಗಿ ಇಪ್ಪತ್ತು ವರ್ಷವಾಗಿದ್ದರೂ ಆಕೆ ದನಿ ಎತ್ತಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ತವರು ಔರಾದ. ಏಳು ವರ್ಷದಿಂದ ಆಕೆ ತವರಿನ ಮುಖ ಕಂಡಿರಲಿಲ್ಲ. ಒಮ್ಮೆ ಹೊರಟಾಗ ದಾರಿಯಲ್ಲಿ ಕಳ್ಳರು ಎಂದರು ಕಾಕಾ, ಇನ್ನೊಮ್ಮೆ ಮುಹೂರ್ತ ಸರಿಯಿಲ್ಲ ಎಂದರು, ಮತ್ತೊಮ್ಮೆ ಪಂಚಾಂಗವೇ ಸರಿಯಿಲ್ಲ ಎಂದರು. ಹೀಗಿರುವಾಗ ಕಾಕಿಯ ತಮ್ಮ ಒಂದು ಚೀಟಿ ಕಳಿಸಿದ. ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿದೆ, ದಿನಕ್ಕೆ ದಿನ ಮಂಜಾಗುತ್ತಿದೆ, ಪೂರ್ತಿ ಹೋಗುವ ಮೊದಲು ಮಗಳ ಮುಖ ಒಮ್ಮೆ ನೋಡಬೇಕಂತೆ. ಕಾಕಾ ಚೀಟಿಯನ್ನು ನಾಲ್ಕು ಸಲ ಓದಿ, ಕಣ್ಣು ಕಾಣದವರ ಪತ್ರದಲ್ಲಿ ಅಕ್ಷರ ಇಷ್ಟು ದುಂಡಗೆ ಹೇಗೆ ಎಂದು ಕೇಳಿದರು. ಆ ದಿನ ಕಾಕಿ ಊಟಕ್ಕೆ ಕೂರಲಿಲ್ಲ, ಮರುದಿನವೂ ಕೂರಲಿಲ್ಲ. ಮೂರನೆಯ ದಿನ ಕಾಕಾ ಮೋಟಾರು ತೊಳೆದರು.

ಆಗ ನಾನು ತಹಸೀಲ ಕಚೇರಿಯಲ್ಲಿ ಕಾರಕೂನನಾಗಿ ಸೇರಿದ ಹೊಸತು. ನನಗೂ ರಜೆ ಹಾಕಿಸಿದರು. ಎಲ್ಲಿಗೆ ಹೋದರೂ ಕಾಕಾನಿಗೆ ಪಕ್ಕದಲ್ಲೊಬ್ಬ ಸಾಕ್ಷಿ ಬೇಕಲ್ಲ! ಬೀದರಿನಿಂದ ಔರಾದಕ್ಕೆ ನೆಟ್ಟಗಿನ ದಾರಿ ಇದೆ. ಆದರೆ ನೆಟ್ಟಗಿರುವ ಯಾವುದನ್ನೂ ಕಾಕಾ ನಂಬಿದವರಲ್ಲ. ಭಾಲ್ಕಿಯ ಮೇಲೆ ಸುತ್ತಿ ಹೋಗುವುದೆಂದು ಠರಾವಾಯಿತು.

ಭಾಲ್ಕಿ ಬಜಾರಿಗೆ ಬಂದಾಗ ಬಿಸಿಲೇರಿತ್ತು. ಮುಂದೆ ಮಾಂಜ್ರಾ ಹೊಳೆ ದಾಟಬೇಕು. ನೀರೆಷ್ಟಿದೆ ಎಂದು ಕೇಳಿ ಬರಲು ಕಾಕಾ ಗಾಡಿ ನಿಲ್ಲಿಸಿದರು. ಹಿಂದೆ ಕೂತಿದ್ದ ಕಾಕಿಗೆ ತಾಕೀತು ಮಾಡಿದರು.

"ನಾವು ಇಳದ ಕೂಡ್ಲೆ ನಾಲ್ಕೂ ಬಾಗಿಲಾ ಒಳಗಿಂದ ಹಾಕ್ಕೋ. ಯಾರು ಬಂದ್ರೂ ತೆಗೀಬ್ಯಾಡ. ನನ್ನ ಹೆಸರು ಹೇಳಿಕೊಂಡು ಬಂದ್ರೂ ತೆಗೀಬ್ಯಾಡ. ನನ್ನಂಗ ತಲಿಗಿ ಪಟಗಾ ಸುತ್ತಿಕೊಂಡು ಬಂದ್ರೂ ತೆಗೀಬ್ಯಾಡ. ತಿಳೀತೇನು?"

"ತಿಳೀತರಿ."

ನಾವಿಳಿದೆವು. ಹಿಡಿಕೆಗಳು ಒಂದಾದ ಮೇಲೊಂದು ಟಕ್ ಟಕ್ ಎಂದವು. ಕಾಕಾ ಹೊರಗಿನಿಂದ ನಾಲ್ಕೂ ಬಾಗಿಲು ಜಗ್ಗಿ ನೋಡಿ ಸಮಾಧಾನಪಟ್ಟರು.

ಹೊಳೆಯ ವಿಚಾರಣೆ ಅರ್ಧ ಗಂಟೆ ನಡೆಯಿತು. ಕಮಲನಗರದಿಂದ ಬಂದ ಗಾಡಿಯವ ನೀರು ಮೀನಖಂಡಕ್ಕೆ ಬರುತ್ತದೆ ಎಂದ. ಬಳೆಗಾರ ಮೊಣಕಾಲಿಗೆ ಎಂದ. ಇಬ್ಬರನ್ನೂ ಎದುರುಬದುರು ನಿಲ್ಲಿಸಿದರೆ, ಗಾಡಿಯವ ಎತ್ತರದ ಆಳು, ಬಳೆಗಾರ ಗಿಡ್ಡ, ಅಷ್ಟೇ. ಆದರೆ ಕಾಕಾನಿಗೆ ಅಷ್ಟು ಸಾಕಾಯಿತು. "ಮಾತಿಗಿ ಮಾತು ಕೂಡೂದಿಲ್ಲ. ಹೊಳಿ ನಂಬೂಹಂಗಿಲ್ಲ. ತಿರುಗಿ ಬೀದರಿಗಿ ನಡಿ" ಎಂದು ನನಗೆ ಹೇಳುತ್ತ ಮೋಟಾರಿನ ಹತ್ತಿರ ಬಂದರು. ಮುಚ್ಚಿದ ಗಾಜಿನಾಚೆ ಕಾಕಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದರು.

ಕೀಲಿಕೈಗೆಂದು ಸೊಂಟಕ್ಕೆ ಕೈ ಹಾಕಿದರು. ಅಲ್ಲಿ ಏನೂ ಇಲ್ಲ. ಅಂಗಿಯ ಜೇಬು ನೋಡಿದರು, ಕೋಟು ಕೊಡವಿದರು, ಪಟಗಾ ಬಿಚ್ಚಿ ನೋಡಿದರು. ನನ್ನ ಜೇಬನ್ನೂ ನೋಡಿದರು. ಆಮೇಲೆ ಗಾಜಿಗೆ ಮೂಗು ಒತ್ತಿ ಇಣುಕಿದರು. ಹೊಳೆಯ ಚಿಂತೆಯಲ್ಲಿ ಇಳಿದ ಮನುಷ್ಯ ಕೀಲಿಕೈಯ ಗೊಂಚಲನ್ನು ಚಾಲೂ ಮಾಡುವ ಜಾಗದಲ್ಲೇ ಬಿಟ್ಟಿದ್ದರು. ಬೀದರಿನ ಮನೆ, ಕಪಾಟು, ಪೆಟ್ಟಿಗೆ, ಬೇವಿನ ಮರ ಎಲ್ಲದರ ಕೀಲಿಕೈಗಳೂ ಅಲ್ಲಿ ತೂಗುತ್ತಿದ್ದವು.

"ತೆಗಿ" ಎಂದು ಕಾಕಾ ಗಾಜು ಬಡಿದರು. ಕಾಕಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಎದುರಿಗೆ ನೋಡುತ್ತ ಕೂತರು.

ಮಂದಿ ಕೂಡಿತು. ಒಳಗೆ ಕೂತ ತಾಯಿಗೆ ಬಾಗಿಲು ತೆಗೆಯಲು ಬರುವುದಿಲ್ಲವೆಂದು ಮರುಗಿದ ಒಬ್ಬ ತಗಡಿನ ಕೆಲಸದವ ಮುಂದೆ ಬಂದ. "ಒಂದು ತಂತಿ ಇದ್ರ ಸಂದ್ಯಾಗ ಹಾಕಿ ಎತ್ತಿಬಿಡ್ತೇನಿರಿ. ಎಲಿ ಅಡಿಕಿ ಹಾಕೂದ್ರಾಗ ತೆರೀತದ."

ಕಾಕಾ ಕಣ್ಣು ಸಣ್ಣ ಮಾಡಿದರು. "ನಿನಗ ಹ್ಯಾಂಗ ಗೊತ್ತು? ಇದರ ಮೊದ್ಲ ಎಷ್ಟು ಮೋಟಾರ ತೆಗದಿ?"

ತಗಡಿನವ ಮಂದಿಯೊಳಗೆ ಕರಗಿಹೋದ. ಟಾಂಗಾದವನೊಬ್ಬ ತನ್ನ ಪೆಟ್ಟಿಗೆಯ ಕೀಲಿಕೈ ಹಾಕಿ ನೋಡಬಹುದು ಎಂದ. "ನಿನ್ನ ಚಾವಿ ನನ್ನ ಮೋಟಾರಿಗಿ ಹತ್ತತದಂತ ನಿನಗ್ಯಾರು ಹೇಳಿದ್ರು?" ಎಂದು ಅವನ ಹೆಸರು, ಊರು ಕೇಳಿದರು. ಅವನು ಟಾಂಗಾ ಹೊಡೆದುಕೊಂಡು ಹೋದ. ತೆಗೆಯಲು ಬರದವರು ತೆಗೆಯಲಾರರು, ಬರುವವರು ಕಳ್ಳರು! ಬಜಾರಿನಲ್ಲಿ ಯಾರೂ ಬಾಯಿ ತೆರೆಯುವ ಹಾಗಿರಲಿಲ್ಲ.

ಆಗ ಹಿಂದಿನ ಗಾಜು ಎರಡು ಬೆರಳಿನಷ್ಟು ಕೆಳಗಿಳಿಯಿತು.

"ಯಾರರಿ ನೀವು?" ಕಾಕಿಯ ದನಿ.

"ನಾನಽ. ನಿನ್ನ ಗಂಡ."

"ಹಂಗಂತ ಹೇಳಿಕೊಂಡು ಯಾರರೆ ಬರ್ತಾರಂತ ನಮ್ಮನಿಯವರು ಹೇಳಿ ಹೋಗ್ಯಾರರಿ. ಪಟಗಾ ಸುತ್ತಿಕೊಂಡು ಬಂದ್ರೂ ತೆಗೀಬ್ಯಾಡಂದಾರ."

ಕಾಕಾ ತಮ್ಮ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಹೇಳಿದರು.

"ಹೆಸರಾ ಯಾರು ಬೇಕಾದವರು ಹೇಳ್ತಾರರಿ. ಸಾಕ್ಷಿ ಯಾರು?"

ಹಿಂದೆ ಯಾರೋ ಕಿಸಕ್ಕೆಂದರು. ಕಾಕಾ ನನ್ನ ರಟ್ಟೆ ಹಿಡಿದು ಮುಂದೆ ನೂಕಿದರು. ಕಾಕಿ ನನ್ನನ್ನು ಮೊದಲ ಸಲ ಕಾಣುವವರ ಹಾಗೆ ಮೇಲಿಂದ ಕೆಳಗೆ ನೋಡಿದರು. "ಈ ಹುಡುಗ ನಿಮ್ಮ ಅಣ್ಣನ ಮಗ ಇದ್ದಂಗ ಕಾಣಸ್ತಾನ. ಮನಿ ಮಂದಿ ಸಾಕ್ಷಿ ನಡ್ಯೂದಿಲ್ಲಂತ ನಮ್ಮನಿಯವರು ದಿನಾ ಊಟಕ್ಕ ಕೂತಾಗ ಹೇಳ್ತಾರರಿ."

"ಬರೋಬರ್ ಅದ" ಎಂದ ಮಂದಿಯೊಳಗಿನ ಒಬ್ಬ ಮುದುಕ. ಕಾಕಾ ಅವನ ಕಡೆ ತಿರುಗಿ ನೋಡಿದರು. ಮೂವತ್ತು ವರ್ಷ ಬೇರೆಯವರ ಸಾಕ್ಷಿಗಳ ಬೆವರಿಳಿಸಿದ ವಕೀಲರು ಭಾಲ್ಕಿಯ ಬಿಸಿಲಿನಲ್ಲಿ ತಾವೇ ಬೆವರುತ್ತಿದ್ದರು.

"ಒಂದು ಮಾತು ಕೇಳ್ತೇನಿರಿ" ಎಂದರು ಕಾಕಿ. "ಅದಕ್ಕ ಜವಾಬು ಕೊಟ್ರ ಗುರುತು ಹಿಡೀತೇನಿ. ನಮ್ಮನಿಯವರು ನನ್ನ ಔರಾದಕ್ಕ ಕರಕೊಂಡು ಹೊಂಟಾರ. ನೀವು ಎಲ್ಲಿಗಿ ಹೊಂಟೀರಿ?"

ಯಾರೂ ನಗಲಿಲ್ಲ. "ಹೊಳ್ಯಾಗ ನೀರು..." ಎಂದು ಕಾಕಾ ಶುರು ಮಾಡಿದರು.

"ಹೊಳಿ ಸುದ್ದಿ ನಾ ಕೇಳಿಲ್ಲರಿ."

ಕಾಕಾ ಬಾಗಿಲ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟರು, ಆಕೆಗೆ ಬೆನ್ನು ಮಾಡಿ. ಬಿಚ್ಚಿದ ಪಟಗಾ ತೊಡೆಯ ಮೇಲಿತ್ತು. ಮಂದಿಗೆ ಏನನ್ನಿಸಿತೋ, ಮೆಲ್ಲಗೆ ಚದುರಿದರು. ನಾನೊಬ್ಬ ಅಲ್ಲೇ ನಿಂತಿದ್ದೆ. ನಾನಿದ್ದೇನೆ ಎಂಬುದನ್ನು ಅವರು ಮರೆತಿದ್ದರು.

"ಹೊಳ್ಯಾಗ ನೀರಿಲ್ಲ" ಎಂದರು ಕಾಕಾ. "ನೀ ಹೋದ್ರ ತಿರುಗಿ ಬರ್ತಿ ಅಂತ ನನಗ ನಂಬಿಕಿ ಇಲ್ಲ."

"ಯಾಕರಿ?"

"ನಿನ್ನ ಜಾಗಾದಾಗ ನಾ ಇದ್ರ ಬರ್ತಿದ್ದಿಲ್ಲ."

ಅಷ್ಟು ವರ್ಷ ಅವರ ಸಂಶಯಗಳಿಗೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೇನೆ. ಅವರು ತಮ್ಮನ್ನೇ ಎಲ್ಲರಿಗಿಂತ ಹೆಚ್ಚು ಅನುಮಾನಿಸುತ್ತಿದ್ದರೆಂದು ನನಗೆ ಹೊಳೆದೇ ಇರಲಿಲ್ಲ. ಹಿಡಿಕೆ ಟಕ್ಕೆಂದಿತು. ಬಾಗಿಲು ತೆರೆಯಿತು. ಕಾಕಿ ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. "ಬಿಸಲಾಗ ಕೂಡಬ್ಯಾಡ್ರಿ" ಎಂದರು, ಅಷ್ಟೆ.

ಮಾಂಜ್ರಾದಲ್ಲಿ ನೀರು ಗಾಲಿಯ ಕಾಲು ಭಾಗಕ್ಕೂ ಬರಲಿಲ್ಲ. ಔರಾದದಲ್ಲಿ ಕಾಕಿಯ ಅವ್ವ ಅಂಗಳದ ಬೆಳಕಿನಲ್ಲಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ತಂದುಕೊಂಡು, "ಕಾಣಸ್ತಿ. ಇನ್ನಾ ಕಾಣಸ್ತಿ" ಎಂದರು. ಕಾಕಾ ತಲೆಬಾಗಿಲಿನಲ್ಲಿ ನಿಂತು ನೋಡಿದರು. ಒಂದು ತಿಂಗಳು ಇದ್ದು ಬಾ ಎಂದು ತಾವಾಗಿ ಹೇಳಿ, ನನ್ನನ್ನು ಕರೆದುಕೊಂಡು ಬೀದರಿಗೆ ಬಂದರು.

ತಿಂಗಳು ತುಂಬಿತು. ಕಾಕಿ ಬರಲಿಲ್ಲ. ಮೋಟಾರು ತೆಗೆದುಕೊಂಡು ಹೋಗಿ ಕರೆತನ್ನಿ ಎಂದು ಅಪ್ಪ ಹೇಳಿದರು. ಕಾಕಾ ಒಪ್ಪಲಿಲ್ಲ, ಒಂದು ಪತ್ರವನ್ನೂ ಹಾಕಲಿಲ್ಲ. ದಿನಾ ಅದಾಲತ್ತಿನಿಂದ ಬಂದವರು ಕೋಟು ಬಿಚ್ಚದೆ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ತಿಂಗಳು ತುಂಬಿದ ನಾಲ್ಕನೆಯ ದಿನ ಮಧ್ಯಾಹ್ನ ಕಾಕಿಯ ತಮ್ಮನ ಎತ್ತಿನ ಗಾಡಿ ಬಂದು ಬಾಗಿಲಿಗೆ ನಿಂತಿತು. ಕಾಕಿ ಇಳಿದರು. ಕಾಕಾ ಎದ್ದು ಹೋಗಿ ಆಕೆಯ ಕೈಯಲ್ಲಿದ್ದ ಗಂಟನ್ನು ಇಸಿದುಕೊಂಡರು.

"ಅವ್ವನ ಕಣ್ಣು ಪೂರಾ ಹೋದವರಿ" ಎಂದರು ಕಾಕಿ. "ನಾಲ್ಕು ದಿನಾ ಹೆಚ್ಚಾತು, ಯಾಕಂದ್ರ..."

"ನಾ ಕೇಳಿದ್ನೇನು?" ಎಂದರು ಕಾಕಾ.