ನೀರಿನ ಕೂಲರೋ, ಗಾಳಿಯ ಕೂಲರೋ

ಸರಿಯಾಗಿ ನಡೆಯುತ್ತಿರುವುದನ್ನು ಅದರ ಪಾಡಿಗೆ ಬಿಡಲು ದೊಡ್ಡ ಮನಸ್ಸು ಬೇಕು. ನನಗೆ ಅದಿಲ್ಲ. ಮಿಕ್ಸರ್ ಬಿಚ್ಚಿದ್ದೇನೆ, ಗೋಡೆ ಗಡಿಯಾರ ಬಿಚ್ಚಿದ್ದೇನೆ. ಒಮ್ಮೆ ಹೊಲಿಗೆ ಯಂತ್ರ ಬಿಚ್ಚಿ, ಮತ್ತೆ ಜೋಡಿಸಿದ ಮೇಲೆ ಉಳಿದ ಸ್ಕ್ರೂಗಳನ್ನು ತುಳಸಿಕಟ್ಟೆಯ ಮಣ್ಣಿನಲ್ಲಿ ಹೂತಿದ್ದು ಚೆನ್ನಾಗಿ ನೆನಪಿದೆ. ಚೆನ್ನಾಗಿ ನೆನಪಿರುವುದರಿಂದಲೇ ಅನುಮಾನ. ನನ್ನ ನೆನಪುಗಳು ಇಷ್ಟು ಅಚ್ಚುಕಟ್ಟಾಗಿ ಬಂದರೆ ಎಲ್ಲೋ ಕೈಯಾಡಿಸಿದ್ದೇನೆ ಎಂದೇ ಅರ್ಥ.

ನನ್ನ ಹೆಂಡತಿ ಸವಿತಾ ಗಂಗಾವತಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮದುವೆಯ ವಿಡಿಯೊಗಳನ್ನು ಎಡಿಟ್ ಮಾಡುತ್ತಾಳೆ. ಅವಳ ಕಂಪ್ಯೂಟರು ನಿಧಾನ ಎಂದು ಒಂದು ದಿನ ನನಗನಿಸಿತು, ಅವಳಿಗೆ ಅನಿಸಿರಲಿಲ್ಲ. ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸುವ ಓವರ್‌ಕ್ಲಾಕಿಂಗ್ ಎಂಬ ವಿದ್ಯೆಯನ್ನು ಮೊಬೈಲಿನಲ್ಲಿ ನೋಡಿ ಕಲಿತು, ಅವಳು ರೊಟ್ಟಿ ಬಡಿಯುತ್ತಿದ್ದಾಗ ವೇಗ ಏರಿಸಿಬಿಟ್ಟೆ. ಅಂದಿನಿಂದ ವರ ತಾಳಿ ಹಿಡಿದು ಬಗ್ಗುವ ಹೊತ್ತಿಗೆ ಸರಿಯಾಗಿ ಯಂತ್ರ ಕಾದು ಆಫ್ ಆಗತೊಡಗಿತು. ಎಷ್ಟು ಸಲ ಹಚ್ಚಿದರೂ ಆ ಮದುವೆ ಮುಗಿಯಲೊಲ್ಲದು.

ಅಷ್ಟರಲ್ಲಿ ಆ ಮದುಮಗಳ ತಾಯಿ ತಾವರಗೇರಾದಿಂದ ಬಂದರು. ಮಗಳು ಆಗಲೇ ಬಸುರಿ, ಸೀಮಂತದ ದಿನವೂ ಗೊತ್ತಾಗಿತ್ತು.

“ಯವ್ವಾ ಸವಿತಾ, ಶುಕ್ರವಾರ ನಮ್ಮ ಹುಡುಗೀಗಿ ಕುಬಸ ಮಾಡಾಕತ್ತೀವಿ. ಬೀಗರು ಮದಿವಿ ವಿಡಿಯೋ ಕೇಳ್ತಾರ. ಹಿಂಗ ಆದ್ರ ಕೂಸು ಹುಟ್ಟಿ, ತಾನ ನಡಕೊಂತ ಬಂದು ಒಯ್ತೈತಿ ನೋಡು.”

“ಗುರುವಾರ ನಾನ ಖುದ್ದು ತಂದು ಕೊಡ್ತೀನ್ರೀ ಯಮ್ಮಾ,” ಎಂದಳು ಸವಿತಾ. ಅವರು ಹೋದ ಮೇಲೆ ನನ್ನತ್ತ ತಿರುಗಿ, “ಈ ಮಾತು ತಪ್ಪಿದ್ರ ಆ ಕಡೀ ಗಿರಾಕಿ ಎಲ್ಲಾ ಹೋದಂಗ. ರಿಪೇರಿ ಮಾಡ್ರಿ, ಇಲ್ಲಾಂದ್ರ ಅದರ ಹಂತ್ಯಾಕ ಬರಬ್ಯಾಡ್ರಿ,” ಎಂದಳು.

ಬುದ್ಧಿವಂತನಾದವನು ಏರಿಸಿದ ವೇಗವನ್ನು ಇಳಿಸುತ್ತಿದ್ದ. ನಾನು ಪ್ರೊಸೆಸರನ್ನು ತಣ್ಣಗಿಡುವ ಹೊಸ ಕೂಲರ್ ಹುಡುಕತೊಡಗಿದೆ. ಅದರಲ್ಲಿ ಎರಡು ಜಾತಿ: ಲೋಹದ ಪಟ್ಟಿಗಳ ಗೋಪುರಕ್ಕೆ ಫ್ಯಾನು ಕಟ್ಟಿದ್ದು ಒಂದು, ಕೊಳವೆಯಲ್ಲಿ ನೀರು ಸುತ್ತಿಸುವುದು ಇನ್ನೊಂದು. ಯಾವುದು ಮೇಲು ಎಂದು ವಿಡಿಯೊಗಳಲ್ಲಿ ಹೇಳುವವರೆಲ್ಲ ಸ್ವೆಟರ್ ಹಾಕಿಕೊಂಡಿದ್ದರು. ಸ್ವೆಟರ್ ಹಾಕಿದವರ ಶಿಫಾರಸನ್ನು ನಮ್ಮ ಮೇ ತಿಂಗಳಿಗೆ ಹೇಗೆ ನಂಬುವುದು? ಮೇಲಾಗಿ ನಮ್ಮ ಹಿತ್ತಲಿಗೆ ಅಕ್ಕಿ ಗಿರಣಿ. ಹೊಟ್ಟಿನ ಧೂಳು ಫ್ಯಾನನ್ನು ಬಿಟ್ಟೀತೇ? ನೀರಿನದೇ ಸರಿ ಎಂದುಕೊಂಡೆ.

ಆಗ ಮಾವ ಬಂದರು. ಅವರ ಗದ್ದೆ ಕಾಲುವೆಯ ಕಟ್ಟಕಡೆಯಲ್ಲಿದೆ. ಮೇಲಿನವರೆಲ್ಲ ಹಾಯಿಸಿಕೊಂಡ ಮೇಲೆ ಉಳಿದರೆ ಇವರಿಗೆ ನೀರು. ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಕೂಲರಿನ ಚಿತ್ರವನ್ನು ಗಂಭೀರವಾಗಿ ನೋಡಿದರು.

“ಅಳಿಯಂದ್ರ, ನೀರು ಬಿಡಾವ್ರು ಯಾರ್ರಿ?”

“ಪಂಪೈತ್ರಿ ಮಾವಾ.”

“ಪಂಪಿನ ಬಾಜೂಕ ಇದ್ದಾವ್ರು ಮೊದ್ಲ ಎಳಕೊಂತಾರ. ನಿಮ್ಮ ಪ್ರೊಸೆಸರ್ ಕೊನೀ ಭಾಗದಾಗಿದ್ರ ಒಣಗಿ ಹೋತು ಅಂತ ತಿಳೀರಿ.”

ನಾನು ಕಟ್ಟೆಯ ಧೂಳಿನಲ್ಲಿ ಬೆರಳಿನಿಂದ ನಕ್ಷೆ ಬರೆದು, ಪಂಪು ಕೂರುವುದೇ ಪ್ರೊಸೆಸರಿನ ತಲೆಯ ಮೇಲೆ ಎಂದು ಹೆಮ್ಮೆಯಿಂದ ತೋರಿಸಿದೆ. ಮಾವ ಸಿಟ್ಟಿಗೆದ್ದರು.

“ಅಂದ್ರ ಇದು ಮ್ಯಾಲಿನ ಭಾಗದ್ದು! ಕೆಳಗಿನವ್ರ ಬಾಯಿಗಿ ಮಣ್ಣು ಹಾಕಿ ಇದಕ್ಕ ತಂಪು ಮಾಡ್ತೀರೇನು?”

ನ್ಯಾಯದ ಪ್ರಶ್ನೆ ಎದ್ದ ಮೇಲೆ ನಾನು ನಕ್ಷೆ ಅಳಿಸಿದೆ. ಗಾಳಿಗೆ ತೂಬು ಇಲ್ಲ, ಎತ್ತಿ ಕದಿಯುವವರೂ ಇಲ್ಲ ಎಂದು ಇಬ್ಬರೂ ಒಪ್ಪಿ, ಫ್ಯಾನಿನದನ್ನೇ ತರಿಸಿದೆವು. ಈ ಚರ್ಚೆ ಒಂದು ಸಂಜೆಯಲ್ಲಿ ಮುಗಿಯಿತೆಂದು ನನ್ನ ನೆನಪು. ಭಾನುವಾರದಿಂದ ಮಂಗಳವಾರದವರೆಗೆ ನಡೆಯಿತೆಂದು ಸವಿತಾಳ ನೆನಪು. ಆ ದಿನಗಳಲ್ಲಿ ಚಹಾ ಮಾಡಿದವಳು ಅವಳು.

ಗುರುವಾರ ಮಧ್ಯಾಹ್ನ ಪಾರ್ಸೆಲ್ ಬಂತು. ಎದೆಗವಚಿಕೊಂಡು ಒಳಗೆ ಓಡಿದೆ.

“ಸವಿತಾ, ಕೂಲರ್ ಬಂತು! ನಿನ್ನ ಮಾತು ಉಳೀತು ನೋಡು!”

ಅವಳು ಅಕ್ಕಿ ಆರಿಸುತ್ತಿದ್ದಳು. “ವಿಡಿಯೋ ಮುಂಜಾನೇನ ತಾವರಗೇರಾಕ ಕೊಟ್ಟು ಬಂದೀನ್ರಿ.”

“ಅದು ಕಾಯ್ತಿತ್ತಲ್ಲ?”

“ನೀವು ಏರಿಸಿದ್ದನ್ನ ಇಳಿಸಿದೆ. ನೀವೂ ಅಪ್ಪನೂ ಕಟ್ಟೀ ಮ್ಯಾಲ ನೀರು ಹಂಚಾಕತ್ತಿದ್ರಿ. ದೊಡ್ಡವ್ರ ಪಂಚಾಯ್ತಿ, ನಡುವ ನಾ ಯಾಕ ಬಾಯಿ ಹಾಕ್ಲಿ ಅಂತ ಸುಮ್ನಾದೆ.”

ತರಿಸಿದ್ದೇನೋ ತರಿಸಿದ್ದಾಯಿತು, ಕೂರಿಸಿದೆ. ಅದರ ಎತ್ತರಕ್ಕೆ ಕಂಪ್ಯೂಟರಿನ ಪೆಟ್ಟಿಗೆಯ ಬಾಗಿಲು ಮುಚ್ಚದು. ಆದ್ದರಿಂದ ಬಂದವರಿಗೆಲ್ಲ ಎದ್ದು ಕಾಣುತ್ತದೆ. ಕಂಪ್ಯೂಟರು ಹಳೆಯ ವೇಗದಲ್ಲಿ ತಣ್ಣಗೆ ನಡೆದಿದೆ. ಕೂಲರು ಮಾತ್ರ ನೋಡಲು ಭರ್ಜರಿ, ಸದ್ದೂ ಸಾಕಷ್ಟು, ಮಾಡಲು ಹೆಚ್ಚು ಕೆಲಸವಿಲ್ಲ. ದಿನಾ ಬೆಳಿಗ್ಗೆ ಅದರ ಧೂಳು ಒರೆಸುತ್ತ ಸವಿತಾ ಒಮ್ಮೆ ಅದನ್ನು ನೋಡುತ್ತಾಳೆ, ಒಮ್ಮೆ ಪೇಪರ್ ಹಿಡಿದು ಕೂತ ನನ್ನನ್ನು ನೋಡುತ್ತಾಳೆ. ಹೋಲಿಕೆ ಅವಳ ಕಣ್ಣಿಗೂ ಬಿದ್ದಿದೆ ಎಂದು ನನ್ನ ಗುಮಾನಿ.