ನಟ್ಟನಡುವಿನ ನವಿಲು

ಯಾವುದಾದರೂ ವಸ್ತುವಿನ ನಡು ಎಲ್ಲಿದೆಯೆಂದು ಗುರುತಿಸುವುದು ಸುಲಭ ಎಂದು ನೀವು ನಂಬಿದ್ದರೆ, ನಿಮ್ಮ ಮನೆಯಲ್ಲಿ ಕಸೂತಿ ಮಿಷನ್ ಇಲ್ಲವೆಂದೇ ಅರ್ಥ. ನಾನೂ ಹಾಗೇ ನಂಬಿದ್ದೆ. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ರೇಖಾಗಣಿತ ಕಲಿಸಿದವಳು ನಾನು. ನಿವೃತ್ತಳಾದ ಮೇಲೆ ರವೀಂದ್ರನಗರದ ನಮ್ಮ ಮನೆಗೆ ಪುಟ್ಟ ಪರದೆಯಿರುವ ಹೊಸ ಕಸೂತಿ ಮಿಷನ್ ಬಂದಾಗ, ಬಟ್ಟೆ ಸಿಕ್ಕಿಸಿ ಗುಂಡಿ ಒತ್ತಿದರೆ ಮುಗಿಯಿತು ಎಂದುಕೊಂಡೆ. ಮಿಷನ್ ಹೊಲಿಗೆ ತಪ್ಪುವುದಿಲ್ಲ, ನಿಜ. ಆದರೆ ಎಲ್ಲಿ ಹೊಲಿಯಬೇಕೆಂದು ನಾವೇ ಹೇಳಬೇಕು. ನಾವು ತಪ್ಪು ಜಾಗ ತೋರಿಸಿದರೂ ಅದು ಚೂರೂ ಅನುಮಾನಪಡದೆ ಟಕಟಕನೆ ಹೊರಟುಬಿಡುತ್ತದೆ. ದಿಂಬಿನ ಕವರಿನ ಗುಲಾಬಿ ಮುನಿಸಿಕೊಂಡಂತೆ ಮೂಲೆಗೆ ಹೋಗಿ ಕೂತಿತು. ಯಜಮಾನರ ಅಂಗಿಯ ಜೇಬಿನ ಮೇಲೆ ಹೊಲಿದ ಸಿಂಹವಂತೂ ಬಲು ಚೆನ್ನಾಗಿ ಬಂತು. ಜೇಬು ಮಾತ್ರ ಅಂಗಿಗೆ ಸೇರಿ ಹೊಲಿದುಹೋಗಿತ್ತು. ಪೆನ್ನು ತೂರಿಸಲು ಹೋಗಿ ಸೋತ ಅವರು, "ಕಾವಲಿಗೆ ಸಿಂಹಾನೇ ಕೂರ್ಸಿದೀಯಲ್ಲೇ! ಇನ್ನು ಈ ಜೇಬಿಗೆ ನಾನೂ ಕೈ ಹಾಕೋ ಹಾಗಿಲ್ಲ" ಎಂದರು.

ಇಷ್ಟೆಲ್ಲ ಗೊತ್ತಿದ್ದೂ ಭದ್ರಾವತಿಯ ಕಾಗದನಗರದಲ್ಲಿರುವ ನನ್ನ ನಾದಿನಿ ವಿಶಾಲಾ ಮಗಳ ಮದುವೆಯ ರವಿಕೆಯ ಕಸೂತಿಯನ್ನು ನನಗೇ ಒಪ್ಪಿಸಿದಳು. ಮಗಳು ಸಿಂಚನಾ, "ಬೆನ್ನಿಗೆ ದೊಡ್ಡ ನವಿಲು ಬೇಕು ಅತ್ತೆ, ಕರೆಕ್ಟಾಗಿ ಸೆಂಟರಲ್ಲಿ" ಎಂದು ಫೋನಿನಲ್ಲಿ ಇನ್ನೂ ಏನೇನೋ ಹೇಳಿದಳು. ನಾನು ಕೇಳಿಸಿಕೊಂಡದ್ದು 'ಸೆಂಟರ್' ಒಂದೇ. ಧಾರೆ ಸೀರೆಯಿಂದಲೇ ಕತ್ತರಿಸಿದ ಬಟ್ಟೆ. ಕೆಟ್ಟರೆ ಅಂಥದ್ದು ಇನ್ನೊಂದಿಲ್ಲ. ಹಾಗಾಗಿ ಬಟ್ಟೆಯನ್ನು ಎರಡಾಗಿ ಮಡಚಿ ಮಡಿಕೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಅದಕ್ಕೆ ಅಡ್ಡಲಾಗಿ ಇನ್ನೊಂದು. ನವಿಲಿನ ಚಿತ್ರವನ್ನು ಕಾಗದದಲ್ಲಿ ಅಚ್ಚುಹಾಕಿಸಿ, ಬಟ್ಟೆಯ ಮೇಲಿಟ್ಟು, ದೂರ ನಿಂತು ನೋಡಿ, ಕೂದಲೆಳೆಯಷ್ಟು ಸರಿಸಿ, ಮತ್ತೆ ನೋಡಿದೆ. ಕೊನೆಗೆ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಕಾಗದ ತೆಗೆದು, ಎರಡು ಗೆರೆಗಳು ಕೂಡುವ ಬಿಂದುವಿಗೆ ಸರಿಯಾಗಿ ಸೂಜಿ ಇಳಿಸಿದೆ. ಯಜಮಾನರು, "ಕಾಫಿ ಆಯ್ತೇನೇ?" ಎಂದು ಬಂದರು. "ಸ್ವಲ್ಪ ಹೊತ್ತು ಉಸಿರಾಡ್ಬೇಡಿ" ಎಂದೆ. ನವಿಲು ನಟ್ಟನಡುವೆ ಬಂದು ನಿಂತಿತು. ರೇಖಾಗಣಿತ ಕೈಬಿಡಲಿಲ್ಲ ಎಂದು ಅವತ್ತು ಪಾಯಸ ಮಾಡಿದೆ.

ಬಟ್ಟೆಯನ್ನು ಎಳೆಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಭದ್ರಾವತಿ ಬಸ್ಸು ಹತ್ತಿದೆ. ಸಿಂಚನಾ ಅದನ್ನು ಬಿಡಿಸಿ ನೋಡಿ, "ಸೂಪರ್ ಅತ್ತೆ!" ಎಂದು ನನ್ನನ್ನು ತಬ್ಬಿಕೊಂಡಳು. ಆಮೇಲೆ ಮುಖ ಸಪ್ಪಗಾಯಿತು. "ಅತ್ತೆ, ಹುಕ್ಸ್ ಹಿಂದೆ ಬರುತ್ತೆ, ಮಧ್ಯ ಜಾಗ ಬಿಟ್ಟು ಅರ್ಧರ್ಧ ನವಿಲು ಮಾಡಿ ಅಂದಿದ್ನಲ್ಲ?"

ವಿಶಾಲಾ ಹಣೆ ಚಚ್ಚಿಕೊಂಡಳು. "ಅತ್ತಿಗೆ, ಈಗ ನಡುವೆ ಸೀಳಿದ್ರೆ ನವಿಲಿನ ಕುತ್ತಿಗೇನೇ ಕತ್ತರಿಸಿದ ಹಾಗಾಗುತ್ತೆ. ಮದುವೆ ಹೆಣ್ಣಿಗೆ ಇದನ್ನ ಹೇಗೆ ಹಾಕ್ಸೋದು ಹೇಳಿ!"

ಹುಡುಗಿ ತಿಂಗಳುಗಟ್ಟಲೆ ಕನಸು ಕಂಡ ರವಿಕೆ. ಅವಳು ಬಟ್ಟೆಯನ್ನು ಬೆನ್ನಿಗೆ ಹಿಡಿದು ಕನ್ನಡಿಯಲ್ಲಿ ಕತ್ತು ಹೊರಳಿಸಿ ತುಂಬ ಹೊತ್ತು ನೋಡಿದಳು. "ಹೋಗ್ಲಿ ಬಿಡಮ್ಮ, ಹುಕ್ಸ್ ಮುಂದೇನೇ ಇಡ್ಸೋಣ. ಇಷ್ಟು ಚೆಂದದ ನವಿಲನ್ನ ಯಾರಾದ್ರೂ ಕೊಲ್ತಾರಾ?" ಎಂದಳು. ಆ ಕ್ಷಣದಲ್ಲಿ ಅವಳಿಗೆ ನನ್ನ ಬಳೆಗಳನ್ನೆಲ್ಲ ಬಿಚ್ಚಿಕೊಡಬೇಕೆನಿಸಿತು.

ಮದುವೆಯ ದಿನ ನವಿಲನ್ನು ನೋಡಲು ಎಲ್ಲರಿಗಿಂತ ಮೊದಲು ಓಡಿದೆ. ವಧು ಬೆನ್ನು ತಿರುಗಿಸಿ ಕೂತಿದ್ದಳು. ನವಿಲು ಕಾಣಲಿಲ್ಲ. ಕತ್ತಿನಿಂದ ಸೊಂಟದವರೆಗೆ ದಪ್ಪನೆಯ ಮೊಗ್ಗಿನ ಜಡೆ ಇಳಿಬಿದ್ದಿತ್ತು, ಅದೂ ನಟ್ಟನಡುವೆ. ನಾನು ಪೂಜೆಯ ನೆಪದಲ್ಲಿ ಒಮ್ಮೆ, ಸೆರಗು ಸರಿಮಾಡುವ ನೆಪದಲ್ಲಿ ಇನ್ನೊಮ್ಮೆ ಜಡೆಯನ್ನು ಪಕ್ಕಕ್ಕೆ ಸರಿಸಿದೆ. ಅದು ತೂಗುಯ್ಯಾಲೆಯಂತೆ ಮತ್ತೆ ಅಲ್ಲಿಗೇ ಬಂತು. "ಅತ್ತಿಗೆ, ಜಡೆ ಬಿಟ್ಬಿಡಿ, ಮೊಗ್ಗು ಉದುರ್ತಿದೆ" ಎಂದು ವಿಶಾಲಾ ಕಿವಿಯಲ್ಲಿ ಬೇಡಿಕೊಂಡಳು.

ಮೊನ್ನೆ ಫೋಟೋಗಳು ಬಂದವು. ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಿದ್ದಾರೆ. ನಾನೊಬ್ಬಳು ಮಾತ್ರ ಪ್ರತಿಯೊಂದರಲ್ಲೂ ವಧುವಿನ ಬೆನ್ನನ್ನೇ ನೋಡುತ್ತಿದ್ದೇನೆ. ವಿಶಾಲಾಳ ಬೀಗಿತ್ತಿ ಅವನ್ನು ಎಲ್ಲರಿಗೂ ತೋರಿಸಿ, "ಹುಡುಗಿ ಮೇಲೆ ಸೋದರತ್ತೆಗೆ ಅದೆಷ್ಟು ಪ್ರೀತಿ ನೋಡಿ, ಕಣ್ಣೇ ಕೀಳ್ತಿಲ್ಲ" ಎಂದು ಕಣ್ಣೊರೆಸಿಕೊಂಡರಂತೆ. ನಾನೂ ಸೆರಗಿನಿಂದ ಕಣ್ಣೊರೆಸಿಕೊಂಡೆ.