ಹೊಗೆಸೊಪ್ಪಿನ ಷೆಡ್ಡಿನಲ್ಲಿ ಏಳು ಸಂಪುಟ

ಪುಸ್ತಕ ಕಾಯುವವನ ಬದುಕಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಜನ ಕೇಳುತ್ತಾರೆ. ನಾನು ಬೆಟ್ಟದಪುರದ ಪಕ್ಕದ ಒಂದು ಹಳ್ಳಿಯಲ್ಲಿ ಗ್ರಂಥಾಲಯ ನೋಡಿಕೊಂಡಿದ್ದವನು. ಗ್ರಂಥಾಲಯ ಎಂದರೆ ಒಂದು ಕೋಣೆ, ಎರಡು ಬೀರು, ಒಂದು ಬೆಂಚು. ಆ ಬೆಂಚಿನ ಮೇಲೆ ಓದುವವರಿಗಿಂತ ಬಸ್ಸಿಗೆ ಕಾಯುವವರೇ ಜಾಸ್ತಿ. ಆದರೂ ಪುಸ್ತಕ ತೆರೆದ ಕಡೆಯೆಲ್ಲ ಏನಾದರೊಂದು ಆಗುತ್ತಲೇ ಇತ್ತು. ಅದರಲ್ಲಿ ನನ್ನ ತಪ್ಪೇನೂ ಇರಲಿಲ್ಲ ಎಂದರೆ ಅದು ಅರ್ಧ ಸುಳ್ಳು. ಉಳಿದರ್ಧ ಏನೆಂದು ಮುಂದೆ ನಿಮಗೇ ತಿಳಿಯುತ್ತದೆ.

ರೇಡಿಯೋ ಕೆಟ್ಟಿತು

ತೊಂಬತ್ತರ ದಶಕದ ಮಾತು. ನಮ್ಮ ಕಡೆ ಹೊಗೆಸೊಪ್ಪು ಬೆಳೆಯುವವರು ಎಲೆಯನ್ನು ಬ್ಯಾರನ್ ಎಂಬ ಬಿಸಿಗೂಡಿನಲ್ಲಿ ಬೇಯಿಸಿ ಒಣಗಿಸಿದ ಮೇಲೆ, ಹೆಂಗಸರು ವಾರಗಟ್ಟಲೆ ಷೆಡ್ಡಿನಲ್ಲಿ ಕೂತು ಅದನ್ನು ಬಣ್ಣ ನೋಡಿ ವಿಂಗಡಿಸುತ್ತಾರೆ. ನಿಂಬೆಹಣ್ಣಿನ ಬಣ್ಣದ್ದು ಬ್ರೈಟು, ಸ್ವಲ್ಪ ಮಂಕಾದದ್ದು ಮೀಡಿಯಂ, ಕಂದಿಹೋದದ್ದು ಲೋ ಗ್ರೇಡು. ಕೈಗೆ ಮಾತ್ರ ಕೆಲಸ, ಬಾಯಿಗಿಲ್ಲ. ನಮ್ಮೂರ ದೊಡ್ಡ ಷೆಡ್ಡಿನ ಯಜಮಾನರು ಅದಕ್ಕೆಂದೇ ಒಂದು ರೇಡಿಯೋ ಇಟ್ಟಿದ್ದರು. ಆ ವರ್ಷ ಅದು ಕೆಟ್ಟಿತು. ಹಾಡು ನಿಂತಿತು, ಊರಿನ ಸುದ್ದಿ ಶುರುವಾಯಿತು, ಸುದ್ದಿಯಿಂದ ಜಗಳ ಹುಟ್ಟಿತು. ಯಜಮಾನರು ಸೀದಾ ನನ್ನ ಹತ್ತಿರ ಬಂದು, ರೇಡಿಯೋ ಜಾಗದಲ್ಲಿ ನೀವೇ ಕೂತ್ಕೊಂಡು ಏನಾದರೂ ಓದಿ ಎಂದರು. ನನಗೂ ಖುಷಿಯೇ. ಜನ ಗ್ರಂಥಾಲಯಕ್ಕೆ ಬರದಿದ್ದರೆ ಗ್ರಂಥಾಲಯವೇ ಜನರ ಹತ್ತಿರ ಹೋಗಲಿ.

ನಮ್ಮಲ್ಲಿ ಯಾರೂ ಮುಟ್ಟದ ಏಳು ಸಂಪುಟದ ಒಂದು ಕಾದಂಬರಿ ಇತ್ತು. ಗ್ರಂಥಾಲಯ ಇಲಾಖೆಯವರು ಎಲ್ಲ ಶಾಖೆಗಳಿಗೂ ಒಂದೊಂದು ಕಟ್ಟು ಕಳಿಸಿದ್ದರು. ಮೂರನೆಯ ಸಂಪುಟ ಬೆಂಚಿನ ಕುಂಟುಗಾಲಿನ ಕೆಳಗಿತ್ತು, ಎಳೆದು ತೆಗೆದೆ. ರಾಜ್ಯ ಕಳೆದುಕೊಂಡ ಒಬ್ಬ ರಾಜಕುಮಾರ, ಅವನನ್ನು ಸಾಕಿದ ಅಕ್ಕ, ಆ ಅಕ್ಕನೇ ತಂದು ಸಾಕಿದ ಇನ್ನೊಬ್ಬ ಅನಾಥ, ಒಬ್ಬ ಮಾಂತ್ರಿಕ ದೊರೆ, ಏಳು ಕೋಟೆ. ಮೊದಲ ದಿನ ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ಕಥೆ ತೆರೆದುಕೊಳ್ಳುವುದೇ ಒಂದು ಮಹಾಪರ್ವತದ ವರ್ಣನೆಯಿಂದ. ಮೂರು ಪುಟ, ನಾಲ್ಕು ಪುಟ, ಪರ್ವತ ಮುಗಿಯಲಿಲ್ಲ.

ಷೆಡ್ಡಿನ ಬಾಗಿಲಲ್ಲಿ ಕೂತವಳೊಬ್ಬಳು ತಲೆಯೆತ್ತಿ ಹೊರಗಿನ ಬೆಟ್ಟದಪುರದ ಬೆಟ್ಟ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಬೆಟ್ಟ ನಾವು ದಿನಾ ನೋಡ್ತೀವಿ ಕಣಪ್ಪ. ನೀನು ಇಳ್ದು ಬಾ ಅತ್ಲಾಗಿ."

ವೀರನಿಗೆ ಗ್ರೇಡು

ಎರಡನೆಯ ಸಂಪುಟದ ಹೊತ್ತಿಗೆ ಕಥೆ ಹಿಡಿಯಿತು. ರಾಜಕುಮಾರ ಒಬ್ಬನೇ ಕೋಟೆಗೆ ಲಗ್ಗೆ ಹಾಕಿ ಎಪ್ಪತ್ತು ಜನರನ್ನು ಕೆಡವುವ ಅಧ್ಯಾಯವನ್ನು ನಾನು ಎದ್ದು ನಿಂತು ಓದಿದೆ. ಮುಗಿಸಿದಾಗ ಬೆವರಿದ್ದೆ. ಚಪ್ಪಾಳೆ ಇರಲಿ, ಒಬ್ಬರೂ ಎಲೆಯಿಂದ ತಲೆಯೆತ್ತಿರಲಿಲ್ಲ.

ಆ ಷೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳನ್ನು ಎಲ್ಲರೂ ದೊಡ್ಡವ್ವ ಅನ್ನುತ್ತಿದ್ದರು. ಕಣ್ಣು ಮುಚ್ಚಿಕೊಂಡು ಬೆರಳಲ್ಲಿ ಎಲೆಯ ಮೈದಪ್ಪ ಮುಟ್ಟಿಯೇ ಗ್ರೇಡು ಹೇಳುವಾಕೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ. ಅಕ್ಕ ಜ್ವರ ಬಂದು ಮಲಗಿದ್ದಾಳೆ ಅಂತ ಬೆಳಿಗ್ಗೆ ಓದಿದೆಯಲ್ಲ, ಅವಳಿಗೆ ಗಂಜಿ ಯಾರು ಕಾಯಿಸಿದರು? ಪುಟ ತಿರುವಿ ನೋಡಿದೆ. ಯಾರೂ ಕಾಯಿಸಿರಲಿಲ್ಲ. ಇನ್ನೊಬ್ಬಳು, ರಾಜಕುಮಾರ ತನ್ನ ಕುದುರೆಗೆ ನೀರು ಕುಡಿಸಿದ್ದನೋ ಇಲ್ಲವೋ ಎಂದಳು. ಎರಡು ಸಂಪುಟ ತಡಕಾಡಿದರೂ ಆ ಕುದುರೆ ಒಂದು ಹನಿ ನೀರು ಕುಡಿದ ದಾಖಲೆ ಸಿಗಲಿಲ್ಲ.

ದೊಡ್ಡವ್ವ ಕೈಯಲ್ಲಿದ್ದ ಎಲೆ ತಿರುಗಿಸಿ ನೋಡುತ್ತಲೇ ತೀರ್ಪು ಕೊಟ್ಟಳು. "ಬಣ್ಣ ಐತೆ, ಮೈಯಿಲ್ಲ. ಮೀಡಿಯಂ."

ಪುಸ್ತಕದ ಮಾನ ನನ್ನ ಮಾನ. ಅಂದಿನಿಂದ ಪ್ರತಿ ಅಧ್ಯಾಯದ ಕೊನೆಯಲ್ಲಿ ಪುಸ್ತಕದಲ್ಲಿ ಇಲ್ಲದಿದ್ದರೂ ಕುದುರೆಗೆ ನಾನೇ ನೀರು ಕುಡಿಸತೊಡಗಿದೆ. ಆರನೆಯ ಸಂಪುಟದ ಹೊತ್ತಿಗೆ ಒಬ್ಬಳು, ಆ ಕುದುರೆಗೆ ಏನೋ ಕಾಯಿಲೆ ಇರಬೇಕು, ಬರೀ ನೀರು ಕುಡಿಯುತ್ತದೆ ಎಂದಳು.

ಬಿಳಿ ಆನೆ

ಯಜಮಾನರ ಅಳಿಯ ಹುಣಸೂರಿನ ಕಡೆ ಯಾವುದೋ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಒಂದು ಭಾನುವಾರ ಮಾವನ ಮನೆಗೆ ಬಂದವರು ಷೆಡ್ಡಿಗೂ ಬಂದು ಕುರ್ಚಿ ಹಾಕಿಸಿಕೊಂಡು ಕೂತರು. ಅಂದು ನಾನು ಓದುತ್ತಿದ್ದದ್ದು, ಕಾಡಿನಲ್ಲಿ ದಾರಿ ತಪ್ಪಿದ ರಾಜಕುಮಾರನಿಗೆ ಬಿಳಿ ಆನೆಯೊಂದು ಕಾಣಿಸಿಕೊಳ್ಳುವ ಭಾಗ.

ಆನೆ ಎಂದ ಕೂಡಲೇ ನಮ್ಮ ಹೆಂಗಸರಿಗೆ ಜೀವ ಬಂತು. ಒಂಟಿಯೋ ಹಿಂಡೋ, ಯಾರ ಜೋಳಕ್ಕೆ ನುಗ್ಗಿತು, ಪಟಾಕಿ ಹೊಡೆದರೋ ಇಲ್ಲವೋ ಎಂದು ಎಲ್ಲರೂ ಒಟ್ಟಿಗೆ ಕೇಳಿದರು. ಅಳಿಯಂದಿರು ಕೈಯೆತ್ತಿ ತಡೆದರು. ಅದು ನೀವು ತಿಳಿದ ಆನೆಯಲ್ಲ, ಅದು ಸಂಕೇತ, ಕಳೆದುಹೋದ ರಾಜ್ಯದ ಆತ್ಮಗೌರವ ಆನೆಯ ರೂಪದಲ್ಲಿ ಬಂದಿದೆ, ವಾಸ್ತವದಲ್ಲಿ ಅಲ್ಲಿ ಆನೆಯೇ ಇಲ್ಲ ಎಂದು ಬಹಳ ಚೆನ್ನಾಗಿ ವಿವರಿಸಿದರು. ನನಗಂತೂ ಅವರ ಮೇಲೆ ಗೌರವ ಬಂತು. ನಾನು ಅಷ್ಟು ದಿನ ಅದನ್ನು ಬರೀ ಆನೆ ಅಂದುಕೊಂಡೇ ಓದುತ್ತಿದ್ದೆ.

ಎಚ್.ಡಿ. ಕೋಟೆ ಕಡೆಯ ಒಂದು ಹಾಡಿಯಿಂದ ಕೂಲಿಗೆ ಬಂದಿದ್ದ ಹೆಂಗಸೊಬ್ಬಳು ಅಲ್ಲಿದ್ದಳು. ಕಾಡಂಚಿನಲ್ಲಿ ಹುಟ್ಟಿ ಬೆಳೆದವಳು, ಮಾತು ಕಡಿಮೆ. ಆ ಮುಂದಿನ ಸಾಲು ಇನ್ನೊಂದು ಸಲ ಓದಿ ಎಂದು ನನ್ನನ್ನು ಕೇಳಿದಳು. ಓದಿದೆ. ರಾಜಕುಮಾರ ಬಿಸಿಯಾರದ ಲದ್ದಿಯ ಜಾಡು ಹಿಡಿದು ಆನೆಯ ಹಿಂದೆ ನಡೆದ ಎಂದಿತ್ತು.

ಅವಳು ಅಳಿಯಂದಿರ ಕಡೆ ತಿರುಗಿ ತುಂಬ ಮರ್ಯಾದೆಯಿಂದಲೇ ಕೇಳಿದಳು. "ಅಂಗಾರೆ ಸ್ವಾಮಿ, ಸಂಕೇತ ಲದ್ದಿ ಆಕ್ತದಾ?"

ಬಾಗಿಲು ತೆರೆದವನು

ಐದನೆಯ ಸಂಪುಟದಲ್ಲಿ ದ್ರೋಹ. ಅಕ್ಕ ಸಾಕಿದ ಆ ಅನಾಥ, ರಾಜಕುಮಾರನ ಜೀವದ ಗೆಳೆಯ, ಕೋಟೆಯ ಬಾಗಿಲನ್ನು ಒಳಗಿನಿಂದ ತೆರೆದುಬಿಡುತ್ತಾನೆ. ಯಾರನ್ನೂ ಕೊಲ್ಲುವುದಿಲ್ಲ ಎಂದು ಶತ್ರುಗಳು ಹೇಳಿದ ಮಾತು ನಂಬಿ ತೆರೆಯುತ್ತಾನೆ. ಅವರು ಒಳಗೆ ಬಂದವರೇ ಸಿಕ್ಕಸಿಕ್ಕವರನ್ನೆಲ್ಲ ಕೊಲ್ಲುತ್ತಾರೆ; ಅಕ್ಕನೂ ರಾಜಕುಮಾರನೂ ಹೇಗೋ ಪಾರಾಗುತ್ತಾರೆ.

ಷೆಡ್ಡಿನಲ್ಲಿ ಹಾಹಾಕಾರವಾಯಿತು. ಬಾಯಿಗೆ ಬಂದಂತೆ ಬೈದರು. ಕೈ ಮಾತ್ರ ನಿಲ್ಲಲಿಲ್ಲ, ಆದರೆ ಕಣ್ಣು ಎಲೆಯ ಮೇಲಿರಲಿಲ್ಲ. ಸಂಜೆ ಯಜಮಾನರು ಬಂದು ನೋಡಿದರೆ ಬ್ರೈಟಿನ ರಾಶಿಯಲ್ಲಿ ಲೋ ಗ್ರೇಡು, ಲೋ ಗ್ರೇಡಿನಲ್ಲಿ ಬ್ರೈಟು. ಇಡೀ ದಿನದ ಕೆಲಸ ಮತ್ತೆ ಮಾಡಬೇಕಾಯಿತು. ಇದಕ್ಕೆ ಯಾರು ಹೊಣೆ ಎಂದು ಗದರಿದರು. ಹನ್ನೆರಡು ಹೆಂಗಸರೂ ಒಂದೇ ಬಾಯಲ್ಲಿ ಆ ಬಾಗಿಲು ತೆರೆದವನ ಹೆಸರು ಹೇಳಿದರು. ಯಜಮಾನರು, ಅವನು ಯಾವ ಊರಿನವನು, ನಾಳೆಯಿಂದ ಕೆಲಸಕ್ಕೆ ಬರಬೇಡ ಅನ್ನಿ ಎಂದರು.

ಬೈಯದೆ ಕೂತಿದ್ದವಳು ದೊಡ್ಡವ್ವ ಒಬ್ಬಳೇ. ಅವನಿಗೇನು ಗ್ರೇಡು ಎಂದು ಯಾರೋ ಕೇಳಿದರೆ ಕೈಯಲ್ಲಿದ್ದ ಎಲೆಯನ್ನು ಯಾವ ರಾಶಿಗೂ ಹಾಕದೆ ಮಡಿಲಲ್ಲಿಟ್ಟುಕೊಂಡಳು. ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಂದು, ಪುಸ್ತಕದ ಮೇಲೆ ಕೈಯಿಟ್ಟು ಕೇಳಿದಳು. "ಕೊನೆಗೆ ಆ ಅಕ್ಕ ಅವನ್ನ ಮಾತಾಡಿಸ್ತಾಳಾ?"

ಗೊತ್ತಿಲ್ಲ, ನಾನೂ ಮುಂದೆ ಓದಿಲ್ಲ ಎಂದೆ. ಆಕೆ ಯಾಕೆ ಕೇಳಿದಳೆಂದು ಮಾತ್ರ ನನಗೆ ಗೊತ್ತಿತ್ತು, ಊರಿಗೇ ಗೊತ್ತಿತ್ತು. ದೊಡ್ಡವ್ವನಿಗೆ ಒಬ್ಬ ತಮ್ಮ, ಚುಂಚನಕಟ್ಟೆಯಲ್ಲಿ ಭತ್ತ ಬೆಳೆಯುವವನು. ತಾಯಿ ಇಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಇವಳ ಮಗಳಿಗೆ ಗಂಡು ಗೊತ್ತಾದಾಗ, ಹುಡುಗಿಗೆ ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿತ್ತು ಎಂಬುದನ್ನು ಆ ತಮ್ಮ ಬೀಗರಿಗೆ ಹೇಳಿಬಿಟ್ಟ. ಮುಂದೆ ಗೊತ್ತಾದರೆ ಹುಡುಗಿಗೇ ಕಷ್ಟ ಎಂದು ಅವನ ಲೆಕ್ಕ. ಸಂಬಂಧ ಮುರಿಯಿತು. ಮಗಳು ಆಮೇಲೆ ಕಟ್ಟೆಮಳಲವಾಡಿಗೆ ಮದುವೆಯಾಗಿ ಎರಡು ಮಕ್ಕಳ ತಾಯಾಗಿ ಚೆನ್ನಾಗಿಯೇ ಇದ್ದಳು. ಅಕ್ಕ ತಮ್ಮನಿಗೆ ಮಾತ್ರ ಹದಿನಾಲ್ಕು ವರ್ಷದಿಂದ ಮಾತಿಲ್ಲ. ಒಳಗಿದ್ದವನೇ ಬಾಗಿಲು ತೆರೆದ ಸಂಕಟ ಆ ಷೆಡ್ಡಿನಲ್ಲಿ ಅವಳಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ.

ನನ್ನ ಸುಳ್ಳು

ಏಳನೆಯ ಸಂಪುಟದ ಕೊನೆಯ ಅಧ್ಯಾಯವನ್ನು ಭಾನುವಾರ ಮಧ್ಯಾಹ್ನ ಮನೆಯಲ್ಲೇ ಓದಿಕೊಂಡೆ. ಓದಬಾರದಿತ್ತು. ಅಕ್ಕ ಬೆಳ್ಳಿ ಬಟ್ಟಲಲ್ಲಿ ಪಾಯಸ ತುಂಬಿಕೊಂಡು ದ್ರೋಹಿ ಅಡಗಿದ್ದ ಗುಹೆಗೆ ಹೋಗುತ್ತಾಳೆ. ಆಗಿದ್ದು ಆಯಿತು, ಕುಡಿ ಎನ್ನುತ್ತಾಳೆ. ಅವನು ಅಳುತ್ತ ಕುಡಿಯುತ್ತಾನೆ. ಪಾಯಸದಲ್ಲಿ ವಿಷ. ಬಟ್ಟಲು ಖಾಲಿಯಾಗುವ ಮೊದಲೇ ಅವನು ಸಾಯುತ್ತಾನೆ, ಅಕ್ಕ ತಿರುಗಿ ನೋಡದೆ ನಡೆಯುತ್ತಾಳೆ.

ಸೋಮವಾರ ದೊಡ್ಡವ್ವ ಎಲ್ಲರಿಗಿಂತ ಮುಂದೆ ಬಂದು ಕೂತಿದ್ದಳು. ಕೈಯಲ್ಲಿ ಎಲೆಯೇ ಇರಲಿಲ್ಲ. ನಾನು ಪಾಯಸದ ತನಕ ಸರಿಯಾಗಿಯೇ ಓದಿದೆ. ಅಲ್ಲಿಂದ ಮುಂದೆ ನನ್ನ ಬಾಯಿ ಪುಟ ಬಿಟ್ಟು ನಡೆಯಿತು. ಅವನು ಕುಡಿದ, ಅಕ್ಕ ಸೆರಗಿನಿಂದ ಅವನ ಬಾಯಿ ಒರೆಸಿದಳು, ಇಬ್ಬರೂ ಅತ್ತರು, ಕೈ ಹಿಡಿದುಕೊಂಡು ಗುಹೆಯಿಂದ ಹೊರಗೆ ಬಂದರು ಎಂದು ಓದಿದೆ. ಕುದುರೆಗೆ ನೀರು ಕುಡಿಸಿದವನಿಗೆ ಇದೇನು ಮಹಾ ಎಂದು ಧೈರ್ಯ ತಂದುಕೊಂಡಿದ್ದೆ, ಆದರೂ ಯಾರೂ ಪುಟ ನೋಡದಂತೆ ಪುಸ್ತಕವನ್ನು ಬೇಗ ಮುಚ್ಚಿ ಕಂಕುಳಿಗೆ ಸೇರಿಸಿದೆ.

ಮಾರನೆಯ ದಿನ ದೊಡ್ಡವ್ವ ಕೆಲಸಕ್ಕೆ ಬರಲಿಲ್ಲ. ಶ್ಯಾವಿಗೆ ಪಾಯಸ ಮಾಡಿ, ಕ್ಯಾರಿಯರಿಗೆ ತುಂಬಿಕೊಂಡು, ಬೆಳಗಿನ ಬಸ್ಸಿಗೆ ಕೆ.ಆರ್. ನಗರದ ಮೇಲೆ ಚುಂಚನಕಟ್ಟೆಗೆ ಹೋದಳು ಎಂದರು. ತಮ್ಮ ಬಾಗಿಲಲ್ಲೇ ನಿಲ್ಲಿಸಿ ಅವಮಾನ ಮಾಡಿ ಕಳಿಸಿದರೆ ಆ ಪಾಪ ನನ್ನದು. ನಂಬಿದವಳಿಗೆ ಇಲ್ಲದ ಕಥೆ ಓದಿದವನು ನಾನು. ಆ ಎರಡು ದಿನ ಹೊಸ ಪುಸ್ತಕ ಹಿಡಿದು ಕೂತರೂ ನನ್ನ ಬಾಯಿಂದ ಓದು ಹೊರಡಲಿಲ್ಲ. ಷೆಡ್ಡಿನ ಹೆಂಗಸರು, ರೇಡಿಯೋ ಇವನಿಗಿಂತ ವಾಸಿ, ಕೆಟ್ಟಾಗ ತಟ್ಟಿದರೆ ಒಂದು ಮಾತಾದರೂ ಬರುತ್ತಿತ್ತು ಎಂದರು.

ಪಾಯಸ

ಮೂರನೆಯ ದಿನ ದೊಡ್ಡವ್ವ ಷೆಡ್ಡಿಗೆ ಹೋಗದೆ ಸೀದಾ ಗ್ರಂಥಾಲಯಕ್ಕೆ ಬಂದು ಬೆಂಚಿನ ಮೇಲೆ ಕೂತಳು. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

"ಬುಕ್ಕಲ್ಲಿ ಇಷ ಐತಂತಲ್ಲಪ್ಪ" ಎಂದಳು.

ನಾನು ತಲೆ ತಗ್ಗಿಸಿದೆ. ಹೌದು ದೊಡ್ಡವ್ವ, ನಾನೇ ಸುಳ್ಳು ಓದಿದೆ, ನಿಮಗೋಸ್ಕರ ಓದಿದೆ ಎಂದೆ. ಆಕೆ ಬೈಯಲಿಲ್ಲ. ಅಲ್ಲಿ ಆದದ್ದನ್ನು ನಿಧಾನವಾಗಿ ಹೇಳಿದಳು.

ನಮ್ಮ ಷೆಡ್ಡಿನ ಒಬ್ಬಳ ತವರು ಚುಂಚನಕಟ್ಟೆ. ಅಕ್ಕನ ಷೆಡ್ಡಿನಲ್ಲಿ ಏಳು ಸಂಪುಟದ ಕಥೆ ಓದುತ್ತಿದ್ದಾರೆ ಎಂಬ ಸುದ್ದಿ ಅವಳಿಂದ ತಮ್ಮನಿಗೆ ಮುಟ್ಟಿತ್ತು. ಅವನು ಕೆ.ಆರ್. ನಗರದ ಗ್ರಂಥಾಲಯಕ್ಕೆ ಹೋಗಿ ಅದೇ ಏಳು ಸಂಪುಟಗಳನ್ನು ಒಂದೊಂದಾಗಿ ತಂದು ಓದಿದ್ದ. ಅಕ್ಕನ ಜೊತೆ ಮಾತಂತೂ ಇಲ್ಲ, ಅಕ್ಕ ಕೇಳುವ ಕಥೆಯಾದರೂ ತನಗೆ ಗೊತ್ತಿರಲಿ ಎಂದು.

ಏಳನೆಯದನ್ನು ಅವನು ಓದಿ ಮುಗಿಸಿ ಎರಡು ದಿನವಾಗಿತ್ತು. ಬಾಗಿಲು ತೆರೆದವನು ತಾನೇ ಎಂದು ಅವನಿಗೂ ಅನ್ನಿಸಿತ್ತು. ಅಂಥ ಹೊತ್ತಿನಲ್ಲಿ ಹದಿನಾಲ್ಕು ವರ್ಷ ಮುಖ ತೋರಿಸದ ಅಕ್ಕ ಬಾಗಿಲಲ್ಲಿ ನಿಂತು, ಲೋಟಕ್ಕೆ ಪಾಯಸ ಬಗ್ಗಿಸಿ, "ಆಗಿದ್ದು ಆಯ್ತು, ಕುಡಿ" ಅಂದಳು. ಪುಸ್ತಕದಲ್ಲಿದ್ದ ಅದೇ ಮಾತು.

ತಮ್ಮನ ಮುಖ ಬಿಳಿಚಿಕೊಂಡಿತು. ಲೋಟ ತೆಗೆದುಕೊಂಡು ಕಣ್ಣು ಮುಚ್ಚಿ ಒಂದೇ ಉಸಿರಿಗೆ ಕುಡಿದ. ಅಕ್ಕನ ಕಾಲು ಮುಟ್ಟಿದ. ಆಮೇಲೆ ಜಗಲಿಯ ಮೇಲೆ ಚಾಪೆ ಹಾಸಿಸಿಕೊಂಡು ಮಲಗಿ ಹೆಂಡತಿಯನ್ನು ಕರೆದ. ಪಂಪಿನ ಮನೆ ಬೀಗದ ಕೈ ಗೂಡಿನಲ್ಲಿದೆ, ಗಬ್ಬದ ಹಸು ಮಾರಬೇಡ, ಏಳನೇ ಸಂಪುಟ ವಾಪಸು ಕೊಡುವ ದಿನ ಮೀರಿದೆ, ನಾಳೆಯೇ ಕೊಟ್ಟುಬಿಡು, ಅಕ್ಕನನ್ನು ಯಾರೂ ಏನೂ ಅನ್ನಬೇಡಿ ಎಂದ. ಹೆಂಡತಿಗೆ ತಲೆಬುಡ ಅರ್ಥವಾಗದೆ ಅಳತೊಡಗಿದಳು. ದೊಡ್ಡವ್ವ, ತಮ್ಮನಿಗೆ ತನ್ನನ್ನು ಕಂಡು ಕರುಳು ಕಿತ್ತು ಬಂದಿದೆ ಎಂದುಕೊಂಡು ತಲೆ ಸವರುತ್ತ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಅವನು ಮಲಗಿದಲ್ಲೇ ಕೈ ಚಾಚಿ ಇನ್ನೊಂದು ಲೋಟ ಕೇಳಿದ. ಅದನ್ನೂ ಕುಡಿದು ಮತ್ತೆ ಕಣ್ಣು ಮುಚ್ಚಿದ.

ಅರ್ಧ ಗಂಟೆಯಾದರೂ ಏನೂ ಆಗದಿದ್ದಾಗ ಅವನಿಗೇ ಅನುಮಾನ ಬಂದು ಎದ್ದು ಕೂತ. ಒಳಗಿನಿಂದ ಪುಸ್ತಕ ತಂದು ಆ ಪುಟ ಓದಿ ಹೇಳಿದ. ಅಕ್ಕ ತಾನು ಕೇಳಿದ್ದನ್ನು ಹೇಳಿದಳು. ಆಗ ಇಬ್ಬರೂ ತಬ್ಬಿಕೊಂಡು ಅತ್ತರಂತೆ.

"ಇಷ ಅಂತ ಗೊತ್ತಿದ್ದೂ ಯಾಕ್ಲಾ ಕುಡ್ದೆ ಅಂತ ಕೇಳ್ದೆ ಕಣಪ್ಪ" ಎಂದಳು ದೊಡ್ಡವ್ವ, ಕಣ್ಣೊರೆಸಿಕೊಳ್ಳುತ್ತ. "ಏನಂದ ಗೊತ್ತಾ? ಒಂದ್ನೇ ಲೋಟ ನಿನ್ನ ಕೈಯಾರೆ ಕೊಟ್ಟೆ ಅಂತ ಕುಡ್ದೆ ಅಕ್ಕಯ್ಯ. ಎರಡ್ನೇದು, ಎಂಗೂ ಸಾಯ್ತೀನಲ್ಲ, ಇಷ್ಟು ಚೆಂದಾಗಿರೋ ಪಾಯಸ ಯಾಕ್ ಉಳುಸ್ಬೇಕು ಅಂತ ಕುಡ್ದೆ, ಅಂದ."